ಅರಸರ ತೋಟದಿಂದ ಮನೆಯ ಕೈತೋಟದವರೆಗೆ: ಲಾಲ್‌ಬಾಗಿನ ಹಣ್ಣು ಮತ್ತು ತರಕಾರಿ ಮಡಿಗಳ ಇತಿಹಾಸ

ಪೀಠಿಕೆ

ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟವು ಇಂದು ಸುಮಾರು 240 ಎಕರೆ ವಿಸ್ತೀರ್ಣವನ್ನು ಹೊಂದಿದ್ದು, ಗಾಜಿನ ಮನೆ, ಫಲಪುಷ್ಪ ಪ್ರದರ್ಶನ, ಕೆರೆ, ಪುರಾತನ ಶಿಲೆ ಹಾಗೂ ಹೆಮ್ಮರಗಳಿಂದಾಗಿ ಪ್ರಸಿದ್ಧವಾಗಿರುತ್ತದೆ. ಇಲ್ಲಿಗೆ ಬರುವ ಬಹುತೇಕ ಜನರು ಇದನ್ನು ಹೂವಿನ ತೋಟವೆಂದೇ ಭಾವಿಸುತ್ತಾರೆ. ಆದರೆ ಈ ತೋಟದ ಆರಂಭಿಕ ಸ್ವರೂಪವನ್ನು ಕಣ್ಣಾರೆ ಕಂಡು ಬರೆದವರ ವಿವರಣೆಯಂತೆ, ಅಂದು ಇದರ ಮಡಿಗಳಲ್ಲಿ ಹೆಚ್ಚಾಗಿ ಇದ್ದುದು ಹಣ್ಣಿನ ಗಿಡಗಳು ಮತ್ತು ಅಡುಗೆಗೆ ಬಳಸುವ ಸೊಪ್ಪು ತರಕಾರಿಗಳು. ಅರಸರ ತೋಟವಾಗಿ ಆರಂಭಗೊಂಡ ಈ ಭೂಮಿಯು ಮುಂದೆ ಸೇನಾಧಿಕಾರಿಯೊಬ್ಬರ ತೋಟವಾಗಿ, ಸಂಘವೊಂದರ ಪ್ರಯೋಗಭೂಮಿಯಾಗಿ, ಸರ್ಕಾರದ ಸಸ್ಯತೋಟವಾಗಿ, ಅಂತಿಮವಾಗಿ ಇಡೀ ರಾಜ್ಯದ ತೋಟಗಾರಿಕೆಯ ಕೇಂದ್ರವಾಗಿ ಮಾರ್ಪಟ್ಟಿತು.

ಈ ಬದಲಾವಣೆಗಳನ್ನು ಕ್ರಮವಾಗಿ ಗಮನಿಸಿದಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅನ್ನದ ಬಟ್ಟಲಿಗೆ ಸಂಬಂಧಿಸಿದ ತೋಟವು ಅದರಿಂದ ಪ್ರಯೋಜನ ಪಡೆಯುವವರು ಇರುವವರೆಗೆ ಮಾತ್ರ ಉಳಿಯುತ್ತದೆ. ಒಬ್ಬ ಅರಸನ ಅಡುಗೆಮನೆಯನ್ನು ಮಾತ್ರ ನೆಚ್ಚಿಕೊಂಡ ತೋಟವು ಆ ಅರಸನೊಂದಿಗೇ ಹಾಳಾಗುವ ಸಂಭವವಿರುತ್ತದೆ. ಲಾಲ್‌ಬಾಗ್ ಹಾಗೆ ಹಾಳಾಗದೆ ಉಳಿದದ್ದಕ್ಕೆ ಕಾರಣ, ಪ್ರತಿ ಘಟ್ಟದಲ್ಲಿಯೂ ಅದರ ಫಲವನ್ನು ಪಡೆಯುವವರ ಸಂಖ್ಯೆ ಹೆಚ್ಚುತ್ತಾ ಬಂದುದು. ಈ ಲೇಖನದಲ್ಲಿ ಸದರಿ ಇತಿಹಾಸವನ್ನು ಸಾರ್ವಜನಿಕರ ಮಾಹಿತಿಗಾಗಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ತೋಟದ ಆರಂಭ

ಕ್ರಿ.ಶ. 1760ರಲ್ಲಿ ಹೈದರ್ ಅಲಿಯು ಬೆಂಗಳೂರು ಕೋಟೆಯ ಸಮೀಪದಲ್ಲಿ ಸುಮಾರು 40 ಎಕರೆ ಪ್ರದೇಶದಲ್ಲಿ ಈ ತೋಟವನ್ನು ಆರಂಭಿಸಿದನು. ಮೊಗಲರ ಆಡಳಿತ ಕೇಂದ್ರವಾಗಿದ್ದ ಶಿರಾದಲ್ಲಿನ ಖಾನ್‌ಬಾಗ್ ಉದ್ಯಾನವು ಇದಕ್ಕೆ ಮಾದರಿಯಾಯಿತೆಂದು ಹೇಳಲಾಗಿದೆ. ಭೂಮಿಯನ್ನು ಚೌಕಾಕಾರದ ಮಡಿಗಳಾಗಿ ವಿಭಜಿಸಿ, ನಡುವೆ ಕಾಲುಹಾದಿಗಳನ್ನು ಬಿಟ್ಟು, ಅಂಚುಗಳಲ್ಲಿ ಸಾಲುಮರಗಳನ್ನು ನೆಡುವುದು ಮೊಗಲ್ ಉದ್ಯಾನ ಪದ್ಧತಿಯ ಲಕ್ಷಣವಾಗಿದೆ. ಇಂತಹ ಉದ್ಯಾನಗಳಲ್ಲಿ ವಿಹಾರಕ್ಕೂ ಫಲಕ್ಕೂ ಬೇರೆ ಬೇರೆ ಸ್ಥಳಗಳಿರಲಿಲ್ಲ. ನೆರಳು ನೀಡುವ ಮರವೇ ಹಣ್ಣನ್ನೂ ನೀಡಬೇಕಾಗಿತ್ತು.

ಹೈದರನ ನಂತರ ಟಿಪ್ಪು ಸುಲ್ತಾನನು ತೋಟವನ್ನು ಮುಂದುವರಿಸಿ ವಿಸ್ತರಿಸಿದನು. ತಂದೆಯ ಕಾಲದಲ್ಲಿ ದೆಹಲಿ, ಲಾಹೋರ್, ಮುಲ್ತಾನ್ ಕಡೆಗಳಿಂದ ಸಸಿಗಳು ಬಂದಿದ್ದರೆ, ಮಗನ ಕಾಲದಲ್ಲಿ ಕಾಬೂಲ್, ಪರ್ಷಿಯಾ, ತುರ್ಕಿ ಮತ್ತು ಮಾರಿಷಸ್‌ಗಳಿಂದಲೂ ಬೀಜ ಹಾಗೂ ಸಸಿಗಳನ್ನು ತರಿಸಲಾಯಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸ್ ದೇಶಕ್ಕೆ ತೆರಳಿ, ಆಗಸ್ಟ್ ತಿಂಗಳಲ್ಲಿ ವರ್ಸೈಲ್ಸ್ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಭೇಟಿಯಾದರು. ಸೈನಿಕ ನೆರವಿನ ಮಾತುಕತೆಯ ಜೊತೆಗೆ ಕುಶಲಕರ್ಮಿಗಳು, ತೋಟಗಾರರು, ಬೀಜಗಳು ಮತ್ತು ಸಸಿಗಳಿಗಾಗಿಯೂ ಕೋರಿಕೆ ಸಲ್ಲಿಸಲ್ಪಟ್ಟಿತು. ಯುದ್ಧದ ಒತ್ತಡದ ನಡುವೆಯೂ ಅರಸನೊಬ್ಬನು ಬೀಜ ಮತ್ತು ಸಸಿಗಳನ್ನು ಕೇಳಿ ಪಡೆಯಲು ಯತ್ನಿಸಿದುದು, ಆ ಕಾಲದಲ್ಲಿ ತೋಟಗಾರಿಕೆಗೆ ಇದ್ದ ಮಹತ್ವವನ್ನು ತೋರಿಸುತ್ತದೆ.

1800ರಲ್ಲಿ ಕಂಡಂತೆ ಲಾಲ್‌ಬಾಗ್

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಪತನಗೊಂಡಿತು. ಅದರ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯರು ಮೈಸೂರು, ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ಪ್ರವಾಸ ಕೈಗೊಂಡು, ಕೃಷಿ, ಕೈಗಾರಿಕೆ ಮತ್ತು ಜನಜೀವನವನ್ನು ಕುರಿತು ವಿವರವಾದ ದಾಖಲೆಯನ್ನು ಸಿದ್ಧಪಡಿಸಿದರು. 1800ರ ಮೇ ತಿಂಗಳಲ್ಲಿ ಅವರು ಬೆಂಗಳೂರಿನ ತೋಟಗಳನ್ನು ವೀಕ್ಷಿಸಿದರು. ಅವರ ದಾಖಲೆಯಿಂದ ತಿಳಿದುಬರುವ ಮುಖ್ಯಾಂಶಗಳು ಹೀಗಿವೆ:

1. ತೋಟವು ಚೌಕಾಕಾರದ ಮಡಿಗಳಾಗಿ ವಿಭಾಗಿಸಲ್ಪಟ್ಟಿದ್ದು, ಹಾದಿಗಳ ಇಕ್ಕೆಲಗಳಲ್ಲಿ ಸೊಗಸಾದ ಸೈಪ್ರೆಸ್ ಮರಗಳಿದ್ದವು.
2. ಮಡಿಗಳಲ್ಲಿ ಹಣ್ಣಿನ ಗಿಡಗಳನ್ನೂ ಅಡುಗೆಯ ಸೊಪ್ಪು ತರಕಾರಿಗಳನ್ನೂ ಬೆಳೆಯಲಾಗಿತ್ತು.
3. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಪ್ರತ್ಯೇಕ ಮಡಿಯನ್ನು ಮೀಸಲಿಡಲಾಗಿತ್ತು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಎಂಬಂತೆ ವ್ಯವಸ್ಥೆಯಿತ್ತು.
4. ಸೇಬು ಮತ್ತು ಪೀಚ್ ಗಿಡಗಳು ಹಾಗೂ ದ್ರಾಕ್ಷಿ ಬಳ್ಳಿಗಳು ಇಲ್ಲಿನ ಹವೆಗೆ ಹೊಂದಿಕೊಂಡಿದ್ದವು. ಸುಲ್ತಾನನ ತೋಟಗಳಲ್ಲಿ ಸ್ಟ್ರಾಬೆರಿಯನ್ನೂ ಬೆಳೆಯಲಾಗುತ್ತಿತ್ತು. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಿಂದ ತಂದ ಓಕ್ ಮತ್ತು ಪೈನ್ ಸಸಿಗಳೂ ಇದ್ದವು.

ಇದೇ ದಾಖಲೆಯಲ್ಲಿ ಇನ್ನೊಂದು ಮಾತೂ ಇದೆ. ಬುಕನನ್ ಅವರ ಕಣ್ಣಿಗೆ ತೋಟದ ನಿರ್ವಹಣೆ ಅಚ್ಚುಕಟ್ಟಾಗಿ ಕಾಣಲಿಲ್ಲ. ಮೊದಲು ಹೀಗಿರಲಿಲ್ಲ, ತೋಟವನ್ನು ಚೆನ್ನಾಗಿ ನೋಡಿಕೊಳ್ಳಲಾಗುತ್ತಿತ್ತು ಎಂದು ಸ್ಥಳೀಯರು ಅವರಿಗೆ ತಿಳಿಸಿದರು. ಸುಲ್ತಾನನು ಮಡಿದು ಕೇವಲ ಒಂದು ವರ್ಷವಾಗಿತ್ತು. ಹಣ್ಣಿನ ಮರಗಳು ಕೆಲವು ವರ್ಷ ಆರೈಕೆಯಿಲ್ಲದೆಯೂ ನಿಲ್ಲಬಲ್ಲವು. ಆದರೆ ತರಕಾರಿ ಮಡಿಯು ಒಂದು ಬೇಸಿಗೆಯನ್ನೂ ತಡೆಯಲಾರದು. ಬಿತ್ತುವವರು, ಕಳೆ ತೆಗೆಯುವವರು, ನೀರು ಹಾಯಿಸುವವರು ಇಲ್ಲವಾದರೆ ಮೊದಲು ಹಾಳಾಗುವುದು ಅಡುಗೆಯ ತೋಟವೇ ಆಗಿರುತ್ತದೆ.

ನೀರಿನ ವ್ಯವಸ್ಥೆ

ಈ ತೋಟದ ದೊಡ್ಡ ಕೊರತೆಯೆಂದರೆ ನೀರು ಎಂದು ಬುಕನನ್ ಗುರುತಿಸಿದ್ದರು. ಬೇಸಿಗೆಯಲ್ಲಿ ಪ್ರತಿಯೊಂದು ಗಿಡಕ್ಕೂ ನೀರನ್ನು ಹಾಯಿಸಲೇಬೇಕಾಗಿತ್ತು. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಕಪಿಲೆಯ ಮೂಲಕ ನೀರು ದೊರೆಯುತ್ತಿತ್ತು. ಕಪಿಲೆಯೆಂದರೆ ತೊಗಲಿನ ಚೀಲವನ್ನು ಹಗ್ಗಕ್ಕೆ ಕಟ್ಟಿ, ಬಾವಿಯ ಮೇಲಿನ ರಾಟೆಯ ಮೂಲಕ ಹಾಯಿಸಿ, ಜೋಡೆತ್ತುಗಳಿಂದ ಎಳೆಸುವ ಸಾಧನ. ಎತ್ತುಗಳು ಇಳಿಜಾರಿನ ಹಾದಿಯಲ್ಲಿ ಕೆಳಗೆ ನಡೆಯುವುದರಿಂದ ಅವುಗಳ ದೇಹದ ಭಾರವೂ ನೀರನ್ನು ಮೇಲೆತ್ತಲು ಸಹಕಾರಿಯಾಗುತ್ತದೆ. ಏತಕ್ಕಿಂತಲೂ ಕಪಿಲೆಯಿಂದಲೇ ಹೆಚ್ಚು ಕೆಲಸ ಸಾಗುತ್ತದೆಂದು ತೋಟದ ಆಳುಗಳು ಬುಕನನ್ ಅವರಿಗೆ ಹೇಳಿದ್ದರು. ಹೈದರನ ತೋಟಕ್ಕೆ ಯಂತ್ರದ ನೆರವಿಲ್ಲದೆ ನೇರವಾಗಿ ಜಲಾಶಯದಿಂದ ನೀರು ಹರಿದುಬರುತ್ತಿತ್ತು.

ತಂದೆಯ ತೋಟಕ್ಕೆ ಕೆರೆ, ಮಗನ ತೋಟಕ್ಕೆ ಬಾವಿ ಎಂಬ ಈ ವ್ಯತ್ಯಾಸ ಮಹತ್ವದ್ದಾಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದೊಡ್ಡ ನದಿಯ ಆಸರೆಯಿಲ್ಲದೆ ಬೆಳೆದ ಬೆಂಗಳೂರಿನಲ್ಲಿ ತರಕಾರಿಯ ಇತಿಹಾಸವು ಕೆರೆ ಬಾವಿಗಳ ಇತಿಹಾಸದಿಂದ ಬೇರ್ಪಡದೆ ಸಾಗಿಬಂದಿದೆ.

ಒಡೆಯರು ಬದಲಾದ ಕಾಲ: 1799ರಿಂದ 1856

ಟಿಪ್ಪುವಿನ ಪತನಾನಂತರ ತೋಟವು ಸಸ್ಯಶಾಸ್ತ್ರದಲ್ಲಿ ಆಸಕ್ತಿಯಿದ್ದ ಮೇಜರ್ ಗಿಲ್ಬರ್ಟ್ ವಾ ಎಂಬ ಸೇನಾಧಿಕಾರಿಯ ವಶಕ್ಕೆ ಬಂದಿತು. ಸುಮಾರು ಎರಡು ದಶಕಗಳ ಕಾಲ ಅವರು ಇದನ್ನು ನೋಡಿಕೊಂಡರು. 1819ರಲ್ಲಿ ತೋಟವನ್ನು ಕಂಪನಿ ಸರ್ಕಾರವು ವಹಿಸಿಕೊಳ್ಳಬೇಕೆಂದು ಅವರು ಗವರ್ನರ್ ಜನರಲ್ ಮಾರ್ಕ್ವಿಸ್ ಹೇಸ್ಟಿಂಗ್ಸ್ ಅವರನ್ನು ಕೋರಿದ ಮೇರೆಗೆ, ಇದು ಕಲ್ಕತ್ತೆಯ ಸಸ್ಯತೋಟದ ಮೇಲ್ವಿಚಾರಕರಾಗಿದ್ದ ನಥಾನಿಯಲ್ ವಾಲಿಚ್ ಅವರ ಉಸ್ತುವಾರಿಗೆ ಒಳಪಟ್ಟಿತು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿದಾಗ ತೋಟವೂ ಅವರ ಅಧೀನಕ್ಕೆ ಬಂದಿತು.

ಈ ಮಧ್ಯೆ ಬೆಂಗಳೂರಿನ ಸ್ವರೂಪ ಬದಲಾಗಿತ್ತು. 1809ರ ವೇಳೆಗೆ ದಂಡುಪ್ರದೇಶವು ಸ್ಥಾಪನೆಯಾಗಿ, ಯುರೋಪಿನ ಸೈನಿಕರು ಮತ್ತು ಅಧಿಕಾರಿಗಳು ನೆಲೆಸಿದರು. ತಮ್ಮ ನಾಡಿನ ತರಕಾರಿಗಳಿಗೆ ಅವರಿಂದ ಬೇಡಿಕೆ ಉಂಟಾಯಿತು. ಬಂಗಲೆಗಳ ವಿಶಾಲ ಆವರಣಗಳಲ್ಲಿ ಅಡುಗೆತೋಟಗಳು ಕಾಣಿಸಿಕೊಂಡವು. 1830ರ ದಶಕದಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕಾ ಸಂಘಕ್ಕೆ ಲಾಲ್‌ಬಾಗನ್ನು ಪ್ರಯೋಗಕ್ಕಾಗಿ ಒದಗಿಸಲಾಯಿತು. ಮುಂದೆ ಹುಲ್ಲುಜಾತಿಯ ಸಸ್ಯಗಳ ತಜ್ಞರೆಂದು ಹೆಸರಾದ ವಿಲಿಯಂ ಮನ್ರೋ ಅವರು ಈ ಸಂಘದ ಕಾರ್ಯದರ್ಶಿಯಾಗಿದ್ದರು. 1842ರಲ್ಲಿ ಸಂಘವು ವಿಸರ್ಜನೆಗೊಂಡಿತು.

ಅರಸನೊಬ್ಬನ ಊಟಕ್ಕಾಗಿ ಬೆಳೆಯುವುದು ನಿಂತು, ಯಾವ ಗಿಡ ಇಲ್ಲಿ ಬೆಳೆಯಬಲ್ಲದು ಎಂಬುದನ್ನು ತಿಳಿಯುವುದಕ್ಕಾಗಿ ಬೆಳೆಯುವ ಪರಿಪಾಠ ಈ ಅವಧಿಯಲ್ಲಿ ಆರಂಭವಾಯಿತು. ಆದರೆ ವ್ಯಕ್ತಿಯ ಆಸಕ್ತಿ ಅಥವಾ ಸಂಘದ ಚಂದಾಹಣವನ್ನು ನಂಬಿದ ತೋಟಕ್ಕೆ ಸ್ಥಿರತೆ ಇರಲಿಲ್ಲ.

ಸರ್ಕಾರದ ಸಸ್ಯತೋಟ

1856ರಲ್ಲಿ ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರ ಸಲಹೆಯಂತೆ ಲಾಲ್‌ಬಾಗನ್ನು ಸರ್ಕಾರಿ ಸಸ್ಯತೋಟವನ್ನಾಗಿ ರೂಪಿಸಲಾಯಿತು. ಲಂಡನ್ ಬಳಿಯ ಕ್ಯೂ ಉದ್ಯಾನದಲ್ಲಿ ತರಬೇತಿ ಹೊಂದಿದ ವಿಲಿಯಂ ನ್ಯೂ ಅವರು 1858ರಲ್ಲಿ ಮೇಲ್ವಿಚಾರಕರಾಗಿ ಆಗಮಿಸಿದರು. ಹೊರನಾಡಿನ ಉಪಯುಕ್ತ ಸಸ್ಯಗಳನ್ನು ತರಿಸಿ ಇಲ್ಲಿನ ಹವೆಗೆ ಒಗ್ಗಿಸುವುದು ಮತ್ತು ಸಸಿ ಹಾಗೂ ಬೀಜಗಳನ್ನು ಹಂಚುವುದು ತೋಟದ ಮುಖ್ಯ ಕಾರ್ಯಗಳಾದವು.

1874ರಲ್ಲಿ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಜಾನ್ ಕ್ಯಾಮರಾನ್ ಅವರು 1908ರವರೆಗೆ, ಅಂದರೆ 34 ವರ್ಷಗಳ ಕಾಲ ಸೇವೆ ಸಲ್ಲಿಸಿದರು. ಅವರು ಬಂದಾಗ ಕೇವಲ 45 ಎಕರೆಯಷ್ಟಿದ್ದ ತೋಟವು 1889, 1891 ಮತ್ತು 1894ರಲ್ಲಿ ನಡೆದ ಸೇರ್ಪಡೆಗಳಿಂದ ಹಲವು ಪಟ್ಟು ವಿಸ್ತಾರಗೊಂಡಿತು. ಎಲೆಕೋಸು, ಹೂಕೋಸು, ನವಿಲುಕೋಸು, ಗಜ್ಜರಿ, ಹುರುಳಿಕಾಯಿ ಮುಂತಾದವು ದಂಡಿನ ಬಂಗಲೆಗಳ ಬೇಲಿಯನ್ನು ದಾಟಿ ಸುತ್ತಲಿನ ರೈತರ ಹೊಲಗಳನ್ನು ಸೇರಿದ್ದು ಹತ್ತೊಂಬತ್ತನೆಯ ಶತಮಾನದ ಅವಧಿಯಲ್ಲಿ. ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಇವುಗಳಿಗೆ ಇಂಗ್ಲಿಷ್ ತರಕಾರಿ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಬೀಜದ ಗುಣ, ಬೆಳೆಯ ಹಾದಿ

ಹೊರಗಿನಿಂದ ಬಂದ ತರಕಾರಿಗಳೆಲ್ಲವೂ ಒಂದೇ ರೀತಿಯಲ್ಲಿ ಜನರನ್ನು ತಲುಪಲಿಲ್ಲ. ಬೀಜದ ಗುಣವೇ ಅವುಗಳ ಹಾದಿಯನ್ನು ನಿರ್ಧರಿಸಿತು. ಇದನ್ನು ಮೂರು ಉದಾಹರಣೆಗಳಿಂದ ತಿಳಿಯಬಹುದು.

ಸೀಮೆಬದನೆ: ಮಧ್ಯ ಅಮೆರಿಕ ಮೂಲದ ಈ ಬಳ್ಳಿಯು ಕ್ಯಾಮರಾನ್ ಅವರ ಅವಧಿಯಲ್ಲಿ ಲಾಲ್‌ಬಾಗ್ ಮೂಲಕ ಪರಿಚಯವಾಯಿತೆಂದು ಹೇಳಲಾಗಿದೆ. ಇದರ ಕಾಯಿಯೊಳಗೆ ಒಂದೇ ಬೀಜವಿದ್ದು, ಅದು ಕಾಯಿಯಲ್ಲಿಯೇ ಮೊಳೆಯುತ್ತದೆ. ಆದುದರಿಂದ ಬೀಜವನ್ನು ಬೇರ್ಪಡಿಸದೆ ಇಡೀ ಕಾಯಿಯನ್ನೇ ನೆಡಬೇಕಾಗುತ್ತದೆ. ಮೊಳೆತ ಒಂದು ಕಾಯಿ ಮತ್ತು ಹಬ್ಬಲು ಒಂದು ಚಪ್ಪರವಿದ್ದರೆ ಸಾಕು. ಬೀಜದ ಅಂಗಡಿಯ ಅಗತ್ಯವಿಲ್ಲ. ಹೀಗೆ ಇದು ನೆರೆಯಿಂದ ನೆರೆಗೆ, ಮನೆಯಿಂದ ಮನೆಗೆ ಹಬ್ಬಿತು. ತಮಿಳು ನಾಡಿನಲ್ಲಿ ಇದನ್ನು ಬೆಂಗಳೂರು ಬದನೆ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಹುರುಳಿಕಾಯಿ: ಇದು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದ ಕಾಯಿಕಟ್ಟುವ ಬೆಳೆ. ಬಲಿತ ಕಾಯಿಗಳನ್ನು ಒಣಗಿಸಿ ಬೀಜ ತೆಗೆದಿಟ್ಟರೆ ಮರುವರ್ಷವೂ ಅದೇ ಗುಣದ ಬೆಳೆ ಬರುತ್ತದೆ. ಗೃಹಿಣಿಯರು ಬೀಜವನ್ನು ಒಲೆಬೂದಿಯಲ್ಲಿ ಬೆರೆಸಿ ಕಾಪಾಡುವ ಹಳೆಯ ರೂಢಿಗೆ ಈ ಹೊಸ ತರಕಾರಿಯು ಸುಲಭವಾಗಿ ಹೊಂದಿಕೊಂಡಿತು.

ಎಲೆಕೋಸು: ಇದು ಹೂಬಿಟ್ಟು ಬೀಜ ಕಟ್ಟಲು ದೀರ್ಘಕಾಲದ ಚಳಿಯನ್ನು ಬಯಸುತ್ತದೆ. ಬೆಂಗಳೂರಿನ ಹವೆಯಲ್ಲಿ ಗೆಡ್ಡೆಯೇನೋ ಉತ್ತಮವಾಗಿ ಕಟ್ಟುತ್ತದೆ, ಆದರೆ ಬೀಜ ದೊರೆಯುವುದಿಲ್ಲ. ಆದ್ದರಿಂದ ಪ್ರತಿವರ್ಷವೂ ಚಳಿಪ್ರದೇಶದಿಂದ ಬೀಜವನ್ನು ತರಿಸಬೇಕಾಗುತ್ತದೆ. ಇಂತಹ ಬೆಳೆಗಳಿಗೆ ನಂಬಿಕಸ್ಥ ಬೀಜ ಒದಗಿಸುವ ಸಂಸ್ಥೆಯೊಂದು ಅನಿವಾರ್ಯವಾಗುತ್ತದೆ.

ಸಾರ್ವಜನಿಕ ತೋಟವೊಂದರ ಅಗತ್ಯ ಎಲ್ಲಿ ಇರುತ್ತದೆ, ಎಲ್ಲಿ ಇರುವುದಿಲ್ಲ ಎಂಬುದನ್ನು ಈ ಮೂರು ಬೆಳೆಗಳು ವಿವರಿಸುತ್ತವೆ. ಮನೆಯವರು ತಾವೇ ಉಳಿಸಿಕೊಳ್ಳಬಲ್ಲ ಬೆಳೆಯನ್ನು ಒಮ್ಮೆ ಕೈಗೆ ಕೊಟ್ಟರೆ ಸಾಕು. ಉಳಿಸಿಕೊಳ್ಳಲಾಗದ ಬೆಳೆಗೆ ನಿರಂತರ ಬೆಂಬಲ ಬೇಕಾಗುತ್ತದೆ.

ಪ್ರದರ್ಶನದ ಮೂಲಕ ಶಿಕ್ಷಣ

1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅವರು ಗಾಜಿನ ಮನೆಗೆ ಅಡಿಗಲ್ಲು ಹಾಕಿದರು. ಎರಕದ ಕಬ್ಬಿಣದ ಈ ಕಟ್ಟಡವು ತೋಟಗಾರಿಕಾ ಪ್ರದರ್ಶನಗಳಿಗೆ ಶಾಶ್ವತ ನೆಲೆಯನ್ನು ಒದಗಿಸಿತು. ಪ್ರಸ್ತುತ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಇಲ್ಲಿ ನಡೆಯುವ ಕಾರ್ಯಕ್ರಮವನ್ನು ಫಲಪುಷ್ಪ ಪ್ರದರ್ಶನವೆಂದು ಕರೆಯಲಾಗುತ್ತದೆ. ಈ ಹೆಸರಿನಲ್ಲಿ ಪುಷ್ಪಕ್ಕಿಂತ ಮೊದಲು ಫಲವಿರುವುದನ್ನು ಗಮನಿಸಬಹುದು. ಬೆಳೆದವರು ತಂದಿರಿಸಿದ ಹಣ್ಣು ಕಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವುದರಿಂದ, ಅಕ್ಷರ ಬಾರದವರಿಗೂ ಉತ್ತಮ ತಳಿಯ ಗುಣಗಳು ತಿಳಿಯುತ್ತವೆ. ಪ್ರದರ್ಶನದ ಮೂಲ ಉದ್ದೇಶ ಇದೇ ಆಗಿರುತ್ತದೆ.

ತೋಟದಿಂದ ಇಲಾಖೆಗೆ

1908ರಲ್ಲಿ ಜರ್ಮನ್ ಮೂಲದ ಜಿ. ಎಚ್. ಕ್ರುಂಬಿಗಲ್ ಅವರು ಲಾಲ್‌ಬಾಗಿನ ಹೊಣೆಯನ್ನು ವಹಿಸಿಕೊಂಡು 1932ರವರೆಗೆ ಮುಂದುವರಿದರು. ಆರ್ಥಿಕ ಮಹತ್ವದ ಸಸ್ಯಗಳ ಪರಿಚಯ, ವಿದೇಶಗಳೊಂದಿಗೆ ಬೀಜ ವಿನಿಮಯ ಮತ್ತು ತೋಟಗಾರಿಕೆಯ ತರಬೇತಿಗೆ ಅವರು ಒತ್ತು ನೀಡಿದರು. ಅವರ ಅವಧಿಯಲ್ಲಿ ಮೈಸೂರು ತೋಟಗಾರಿಕಾ ಸಂಘವು ಅಸ್ತಿತ್ವಕ್ಕೆ ಬಂದಿತು.

ಅವರ ನಂತರ ಅಧಿಕಾರ ವಹಿಸಿಕೊಂಡ ಎಚ್. ಸಿ. ಜವರಾಯ ಅವರು ಈ ಹುದ್ದೆಯನ್ನು ಅಲಂಕರಿಸಿದ ಪ್ರಥಮ ಭಾರತೀಯರು. ಲಾಲ್‌ಬಾಗಿನ ಮಡಿಗಳು ಹಣ್ಣಿನ ಬೆಳೆಗಳ ವ್ಯಾಪಕ ಸಂಶೋಧನೆಗೆ ಸಾಲದೆಂಬುದು ಆ ವೇಳೆಗೆ ಸ್ಪಷ್ಟವಾಗಿತ್ತು. 1938ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಹಣ್ಣಿನ ಸಂಶೋಧನಾ ಕೇಂದ್ರವು ಆರಂಭವಾಯಿತು. ಮೂರು ದಶಕಗಳ ನಂತರ ಇದೇ ಭೂಮಿಯು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ನೆಲೆಯಾಯಿತು. ಆ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಕಲ್ಯಾಣ್ ಈರುಳ್ಳಿ ಮುಂತಾದ ತಳಿಗಳ ಹೆಸರಿನಲ್ಲಿರುವ ಅರ್ಕಾ ಎಂಬ ಪದವು ಅರ್ಕಾವತಿ ನದಿಯನ್ನು ಸೂಚಿಸುತ್ತದೆ.

ಡಾ. ಎಂ. ಎಚ್. ಮರೀಗೌಡ ಅವರ ಅವಧಿಯಲ್ಲಿ ತೋಟಗಾರಿಕೆಯು ರಾಜ್ಯವ್ಯಾಪಿ ಚಟುವಟಿಕೆಯಾಗಿ ಬೆಳೆಯಿತು. 1959ರಲ್ಲಿ ಅವರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಸ್ಥಾಪಿತವಾಗಿ, ಮುಂದೆ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ನಗರದ ಬೀದಿ ಬೀದಿಗಳಲ್ಲಿ ಹಣ್ಣು ತರಕಾರಿ ಮಳಿಗೆಗಳನ್ನು ತೆರೆಯಿತು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ರಚನೆಯಾಯಿತು. ತೋಟಗಾರಿಕಾ ಕ್ಷೇತ್ರಗಳು ಮತ್ತು ಸಸ್ಯಾಗಾರಗಳ ಜಾಲವು ಜಿಲ್ಲೆ ತಾಲ್ಲೂಕುಗಳಿಗೆ ವಿಸ್ತರಿಸಿತು. ಲಾಲ್‌ಬಾಗಿನ ಒಂದು ಮಡಿಯಲ್ಲಿ ನಡೆಯುತ್ತಿದ್ದ ಕೆಲಸವು ಈ ರೀತಿ ನಾಡಿನ ಹಲವು ತೋಟಗಳಿಗೆ ಹಂಚಿಹೋಯಿತು. ಲಾಲ್‌ಬಾಗಿನೊಳಗೆ ತರಕಾರಿಯ ಮಡಿಗಳು ಕಡಿಮೆಯಾದುದು ನಷ್ಟವೆಂದು ಮೇಲ್ನೋಟಕ್ಕೆ ಕಂಡರೂ, ಆ ಕಾರ್ಯವು ನಿಲ್ಲದೆ ಸ್ಥಳಾಂತರಗೊಂಡಿತೆಂದು ತಿಳಿಯುವುದು ಸೂಕ್ತ.

ಹಿತ್ತಲಿನ ಪರಂಪರೆ

ಲಾಲ್‌ಬಾಗಿನ ಇತಿಹಾಸವನ್ನು ಹೇಳುವಾಗ, ಅದಕ್ಕಿಂತಲೂ ಹಳೆಯದಾದ ಇನ್ನೊಂದು ತೋಟವನ್ನು ಮರೆಯುವಂತಿಲ್ಲ. ಅದು ಪ್ರತಿ ಮನೆಯ ಹಿತ್ತಲು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸುವು, ಬೇಲಿಯ ಮೇಲೆ ಬಸಳೆ, ಮೂಲೆಯಲ್ಲಿ ನುಗ್ಗೆ ಮತ್ತು ಕರಿಬೇವು, ಕಟ್ಟೆಯ ಬಳಿ ದೊಡ್ಡಪತ್ರೆ ಹಾಗೂ ಒಂದೆಲಗ, ಮಳೆ ಬಿದ್ದೊಡನೆ ತಾನಾಗಿ ಚಿಗುರುವ ಹೊನಗೊನ್ನೆ: ಇವು ಯಾವ ಸಸ್ಯತೋಟದ ಪಟ್ಟಿಯನ್ನೂ ಕಾಯದೆ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದವು. ಹೊರನಾಡಿನ ಸಸ್ಯಗಳ ಪರಿಚಯವನ್ನೇ ಮುಖ್ಯ ಕೆಲಸವನ್ನಾಗಿಸಿಕೊಂಡ ಸರ್ಕಾರಿ ತೋಟಗಳು ದೀರ್ಘಕಾಲ ಇವುಗಳತ್ತ ಅಷ್ಟಾಗಿ ಗಮನ ಹರಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಇಲ್ಲಿ ಅನ್ವಯವಾಗುತ್ತದೆ.

ಅರಸರ ತೋಟ ಮತ್ತು ಮನೆಯ ಹಿತ್ತಲುಗಳ ನಡುವೆ ನಗರಕ್ಕೆ ಅನ್ನದ ಜೊತೆಗಿನ ಪಲ್ಯವನ್ನು ಒದಗಿಸಿದವರು ತಿಗಳ ಸಮುದಾಯದ ತೋಟಗಾರರು. ಹೂವು, ಸೊಪ್ಪು ಮತ್ತು ತರಕಾರಿಗಳನ್ನು ಬೆಳೆಯುವುದರಲ್ಲಿ ನಿಷ್ಣಾತರಾದ ಈ ಜನರ ತೋಟಗಳು ಬೆಂಗಳೂರಿನ ಕೆರೆಗಳ ಅಂಚಿನಲ್ಲಿ ಹರಡಿಕೊಂಡಿದ್ದವು. ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ; ಧರ್ಮಾಂಬುಧಿ ಕೆರೆಯಿದ್ದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆರೆಗಳು ಬತ್ತಿದಂತೆಲ್ಲ ಅವುಗಳನ್ನು ನಂಬಿದ ತೋಟಗಳೂ ಇಲ್ಲವಾದವು. ಚೈತ್ರಮಾಸದಲ್ಲಿ ನಡೆಯುವ ಬೆಂಗಳೂರು ಕರಗವು ಈ ಸಮುದಾಯದ ಉತ್ಸವವಾಗಿದ್ದು, ಕೆರೆಯ ನೀರಿನೊಂದಿಗೆ ಅವರಿಗಿದ್ದ ಸಂಬಂಧದ ನೆನಪನ್ನು ಇಂದಿಗೂ ಉಳಿಸಿದೆ.

ಇಂದಿನ ಸ್ಥಿತಿ ಮತ್ತು ಕೈತೋಟದ ಮಹತ್ವ

ಲಾಲ್‌ಬಾಗಿನಲ್ಲಿ ಇಂದು ಅರಸರ ಕಾಲದ ತರಕಾರಿ ಮಡಿಗಳಿಲ್ಲ. ಟಿಪ್ಪುವಿನ ಕಾಲದ್ದೆಂದು ಪ್ರತೀತಿಯಿರುವ ಮಾವಿನ ಮರವು ಮೊದಲ ತೋಟವನ್ನು ನೆನಪಿಸುತ್ತದೆ. ಸಸಿ ಮಾರಾಟ ಕೇಂದ್ರಗಳು, ಮಾವಿನ ಹಂಗಾಮಿನಲ್ಲಿ ಏರ್ಪಡುವ ಮೇಳಗಳು ಮತ್ತು ಕೈತೋಟ ಹಾಗೂ ತಾರಸಿ ತೋಟದ ತರಬೇತಿಗಳ ಮೂಲಕ ಹಣ್ಣು ತರಕಾರಿಗಳೊಂದಿಗಿನ ಸಂಬಂಧ ಮುಂದುವರಿದಿದೆ. ಆದರೆ ನಗರದಲ್ಲಿ ಹಿತ್ತಲುಳ್ಳ ಮನೆಗಳು ವಿರಳವಾಗುತ್ತಿವೆ. ಸೊಪ್ಪಿನ ಹೆಸರುಗಳನ್ನೇ ಅರಿಯದ ಮಕ್ಕಳು ಬೆಳೆಯುತ್ತಿದ್ದಾರೆ. ಗಿಡದ ಬಗೆಗಿನ ತಿಳಿವಳಿಕೆ ಒಂದು ತಲೆಮಾರಿನಲ್ಲಿ ತಪ್ಪಿಹೋದರೆ, ಬೀಜವೂ ಅದರ ಜೊತೆಗೇ ತಪ್ಪಿಹೋಗುತ್ತದೆ.

ಲಾಲ್‌ಬಾಗಿನ ಇತಿಹಾಸದಿಂದ ಕೈತೋಟಕ್ಕೆ ದೊರೆಯುವ ಪಾಠಗಳನ್ನು ಹೀಗೆ ಸಂಗ್ರಹಿಸಬಹುದು:

- ನೀರನ್ನು ಮೊದಲು ಯೋಚಿಸಬೇಕು. ಎರಡು ಶತಮಾನಗಳ ಹಿಂದೆ ಗುರುತಿಸಲಾದ ಕೊರತೆ ಇಂದಿಗೂ ಅದೇ ಆಗಿದೆ. ಮಳೆನೀರಿನ ಸಂಗ್ರಹ ಹಾಗೂ ಅಕ್ಕಿ, ತರಕಾರಿ ತೊಳೆದ ನೀರಿನ ಬಳಕೆಯಿಂದ ಚಿಕ್ಕ ಕೈತೋಟದ ಅಗತ್ಯವನ್ನು ಗಣನೀಯವಾಗಿ ಪೂರೈಸಬಹುದು.
- ಸ್ಥಳವಿದ್ದಲ್ಲಿ ಪ್ರತ್ಯೇಕ ಮಡಿಗಳನ್ನು ಮಾಡಿ, ಪ್ರತಿ ಬೆಳೆಯ ನಂತರ ಸ್ಥಾನ ಬದಲಿಸಬೇಕು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬಕ್ಕೆ ಸೇರಿದ ಕಾರಣ ಒಂದರ ಹಿಂದೆ ಇನ್ನೊಂದನ್ನು ಅದೇ ಮಡಿಯಲ್ಲಿ ಬೆಳೆಯಬಾರದು. ಅವುಗಳ ನಂತರ ಅವರೆ, ಅಲಸಂದೆ, ಹುರುಳಿಕಾಯಿಯಂತಹ ದ್ವಿದಳ ಬೆಳೆಯನ್ನು ಬಿತ್ತಿದರೆ ಮಣ್ಣಿನ ಸಾರ ಉಳಿಯುತ್ತದೆ.
- ದಂಟು, ಅವರೆ, ಬೆಂಡೆ, ಹೀರೆ ಮುಂತಾದ ನಾಟಿ ತಳಿಗಳ ಬೀಜವನ್ನು ಮನೆಯಲ್ಲಿಯೇ ತೆಗೆದಿಡಬಹುದು. ಇದಕ್ಕಾಗಿ ಪ್ರತಿ ಬೆಳೆಯಲ್ಲಿ ಒಂದೆರಡು ಉತ್ತಮ ಗಿಡಗಳನ್ನು ಕೊಯ್ಯದೆ ಬಲಿಯಲು ಬಿಡಬೇಕು. ಕೋಸು ಜಾತಿಯ ಬೆಳೆಗಳಿಗೆ ಮಾತ್ರ ಪ್ರತಿಬಾರಿ ಹೊರಗಿನಿಂದ ಬೀಜ ಪಡೆಯುವುದು ಅನಿವಾರ್ಯ.
- ಒಬ್ಬರೇ ನೋಡಿಕೊಳ್ಳುವ ತೋಟಕ್ಕಿಂತ ಮನೆಯವರೆಲ್ಲರೂ, ವಿಶೇಷವಾಗಿ ಮಕ್ಕಳು, ಪಾಲ್ಗೊಳ್ಳುವ ತೋಟವು ಹೆಚ್ಚು ಕಾಲ ಬಾಳುತ್ತದೆ.

ಪ್ರಮುಖ ವರ್ಷಗಳು

1760: ಹೈದರ್ ಅಲಿಯಿಂದ ತೋಟದ ಆರಂಭ.
1799: ಟಿಪ್ಪು ಸುಲ್ತಾನನ ಪತನ, ತೋಟವು ಮೇಜರ್ ವಾ ಅವರ ವಶಕ್ಕೆ.
1800: ಬುಕನನ್ ಅವರಿಂದ ತೋಟದ ವೀಕ್ಷಣೆ.
1819: ತೋಟದ ಉಸ್ತುವಾರಿ ಕಂಪನಿ ಸರ್ಕಾರಕ್ಕೆ.
1842: ಕೃಷಿ ಮತ್ತು ತೋಟಗಾರಿಕಾ ಸಂಘದ ವಿಸರ್ಜನೆ.
1856: ಸರ್ಕಾರಿ ಸಸ್ಯತೋಟವಾಗಿ ಪರಿವರ್ತನೆ.
1874: ಕ್ಯಾಮರಾನ್ ಅವರ ನೇಮಕ.
1889: ಗಾಜಿನ ಮನೆಗೆ ಅಡಿಗಲ್ಲು.
1908: ಕ್ರುಂಬಿಗಲ್ ಅವರ ಅಧಿಕಾರ ಸ್ವೀಕಾರ.
1938: ಹೆಸರಘಟ್ಟದಲ್ಲಿ ಹಣ್ಣಿನ ಸಂಶೋಧನಾ ಕೇಂದ್ರ.
1959: ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ.
1963: ಪ್ರತ್ಯೇಕ ತೋಟಗಾರಿಕೆ ಇಲಾಖೆ.

ಉಪಸಂಹಾರ

ಅರಸನೊಬ್ಬನ ತಟ್ಟೆಗಾಗಿ ಬೆಳೆಸಿದ ತೋಟವು ಎರಡೂವರೆ ಶತಮಾನಗಳ ಅವಧಿಯಲ್ಲಿ ಹಲವು ಕೈಗಳನ್ನು ದಾಟಿ ಸಾರ್ವಜನಿಕರ ಸ್ವತ್ತಾಗಿದೆ. ಸೀಮೆಬದನೆಯ ಒಂದು ಕಾಯಿ ಬೇಲಿಯಿಂದ ಬೇಲಿಗೆ ಸಾಗಿದಂತೆ, ಈ ತೋಟದ ಫಲವೂ ಮನೆಯಿಂದ ಮನೆಗೆ ಸಾಗಿದೆ. ಮಡಿಗಳು ಲಾಲ್‌ಬಾಗಿನಲ್ಲಿ ಉಳಿಯದಿದ್ದರೂ ನಾಡಿನ ಹಿತ್ತಲುಗಳಲ್ಲಿ, ತಾರಸಿಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಉಳಿಯಬೇಕಾಗಿದೆ. ಸಾರ್ವಜನಿಕರು ಲಾಲ್‌ಬಾಗಿಗೆ ಭೇಟಿ ನೀಡಿದಾಗ ಹೂವುಗಳನ್ನು ಕಂಡು ಆನಂದಿಸುವುದರ ಜೊತೆಗೆ, ತಮ್ಮ ಮನೆಗೆ ಒಂದು ಸಸಿಯನ್ನೋ ಒಂದು ಹಿಡಿ ಬೀಜವನ್ನೋ ಕೊಂಡ��ಯ್ದು ಬೆಳೆಸಿದಲ್ಲಿ, ಈ ತೋಟದ ಮೂಲ ಉದ್ದೇಶವು ಮುಂದುವರಿದಂತಾಗುತ್ತದೆ.